ಸಗಣಿ ಹುಳುವನ್ನೂ ಎಣಿಸೋಣ

ಮಡಿವಾಳ ಹಕ್ಕಿಯ ಬಗ್ಗೆ ನಮಗೆ ಬೇಕಾದಷ್ಟು ಗೊತ್ತು. ಬೇಸಿಗೆಯ ನಸುಕಿನಲ್ಲಿ ಗಂಡು ಮರದ ತುದಿಗೆ ಕೂತು ಹಾಡುತ್ತದೆ, ಪೊಟರೆಯಲ್ಲಿ ಗೂಡು ಕಟ್ಟುತ್ತದೆ, ನೆಲಕ್ಕಿಳಿದು ಹುಳುಹುಪ್ಪಟೆ ಹೆಕ್ಕುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ ಸುಮಾರು 30 ಸಾವಿರ ವೀಕ್ಷಕರ 3 ಕೋಟಿ ದಾಖಲೆಗಳ ಬಲದಿಂದ 942 ಪ್ರಭೇದಗಳ ಸ್ಥಿತಿಯನ್ನು ಅಳೆಯಿತು. ಹೆಮ್ಮೆಪಡಬೇಕಾದ ಕೆಲಸ ಅದು. ಆದರೆ ಗೋಮಾಳದ ದೊಡ್ಡ ಕಪ್ಪು ಸಗಣಿ ಹುಳು, ಕ್ಯಾಥರ್ಸಿಯಸ್ ಮೊಲೊಸಸ್, ಇಂಥ ಯಾವ ಎಣಿಕೆಗೂ ಸಿಕ್ಕಿಲ್ಲ. ಅದರ ದುಡಿಮೆಯೆಲ್ಲ ರಾತ್ರಿ, ಮಣ್ಣಿನಡಿ. ಕಿವಿಗೆ ಇಂಪಾದದ್ದನ್ನು ಮಾತ್ರ ಕಾಯುತ್ತ ಹೋದರೆ ಹೊಲಕ್ಕೆ ಅನ್ನ ಕೊಡುವ ಜೀವಿಯನ್ನು ಕಳೆದುಕೊಳ್ಳುತ್ತೇವೆ.

ಈ ಹುಳು ಸಗಣಿಯ ಕೆಳಗೇ ಸುರಂಗ ತೋಡಿ, ಸಗಣಿಯನ್ನು ಒಳಗೆಳೆದು ಉಂಡೆ ಕಟ್ಟಿ ಮೊಟ್ಟೆಯಿಡುತ್ತದೆ. ಅಷ್ಟರಲ್ಲೇ ಗೊಬ್ಬರ ಬೇರಿನ ಹತ್ತಿರಕ್ಕೆ ಇಳಿದಿರುತ್ತದೆ, ಮಳೆನೀರು ಇಂಗಲು ದಾರಿಯಾಗಿರುತ್ತದೆ, ನೊಣಗಳಿಗೆ ಮೊಟ್ಟೆಯಿಡುವ ತಾವು ತಪ್ಪಿರುತ್ತದೆ. ಇದಿಲ್ಲದಿದ್ದರೆ ಏನಾಗುತ್ತದೆಂದು ಆಸ್ಟ್ರೇಲಿಯಾ ಕಂಡಿದೆ. 1788ರಲ್ಲಿ ವಲಸಿಗರೊಂದಿಗೆ ಅಲ್ಲಿಗೆ ದನಗಳು ಬಂದವು. ಕಾಂಗರೂವಿನ ಒಣ ಹಿಕ್ಕೆಗೆ ಒಗ್ಗಿದ್ದ ಅಲ್ಲಿನ ಹುಳುಗಳಿಗೆ ದನದ ಹಸಿ ಸಗಣಿಯನ್ನು ಕರಗಿಸಲಾಗಲಿಲ್ಲ. ಹುಲ್ಲುಗಾವಲು ಸಗಣಿಯಡಿ ಸತ್ತಿತು, ನೊಣ ಹೆಚ್ಚಿತು. ಕೊನೆಗೆ 1960ರ ದಶಕದಲ್ಲಿ ಜಾರ್ಜ್ ಬೋರ್ನೆಮಿಸ್ಸಾ ಎಂಬ ಕೀಟಶಾಸ್ತ್ರಜ್ಞರ ಮುಂದಾಳತ್ವದಲ್ಲಿ ಹೊರದೇಶಗಳಿಂದ ಸಗಣಿ ಹುಳುಗಳನ್ನು ತರಿಸಿ ಬಿಡಬೇಕಾಯಿತು. ನಮ್ಮಲ್ಲಿ ಅವು ಪುಕ್ಕಟೆ ದುಡಿಯುತ್ತಿವೆ. ಆದರೂ ಜಂತುಹುಳು, ಉಣ್ಣೆಗಳಿಗೆಂದು ದನಕ್ಕೆ ಕೊಡುವ ಐವರ್ಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಇವುಗಳ ಮರಿಹುಳುಗಳನ್ನು ಕೊಲ್ಲುತ್ತದೆಂಬ ಮಾತು ನಮ್ಮ ಕೊಟ್ಟಿಗೆಗಳಲ್ಲಿ ಕೇಳುವುದೇ ಅಪರೂಪ.

ಹಕ್ಕಿಯನ್ನು ಕಾಪಾಡಿದರೆ ಅದರ ನೆಲೆಯ ಹುಳುವೂ ಉಳಿಯುತ್ತದೆ ಎನ್ನುವವರಿದ್ದಾರೆ. ದಟ್ಟ ಕಾಡಿನ ಹಕ್ಕಿಗಾದರೆ ಒಪ್ಪಬಹುದು. ಮಡಿವಾಳ ಊರಿನ ಕೈತೋಟದಲ್ಲೂ ನೆಮ್ಮದಿಯಾಗಿ ಬದುಕುತ್ತದೆ. ಅದು ಹಾಡುತ್ತಿದೆಯೆಂದರೆ ಗೋಮಾಳ ಚೆನ್ನಾಗಿದೆಯೆಂದು ಅರ್ಥವಲ್ಲ. ರೈತರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಔಷಧಿ ಬಿಟ್ಟರೆ ಹಸು ಸೊರಗುತ್ತದೆ, ಹಾಲು ಇಳಿಯುತ್ತದೆ. ನಿಜ, ಹಾಗಾಗಿ ನಿಷೇಧ ಬೇಡ. ಸಗಣಿ ಪರೀಕ್ಷಿಸಿ, ಅಗತ್ಯವಿರುವ ದನಕ್ಕಷ್ಟೇ ಔಷಧಿ ಕೊಟ್ಟು, ಅದನ್ನು ಕೆಲವು ದಿನ ಬಯಲಿಗೆ ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕಿದರೆ ಹಾನಿ ತಗ್ಗುತ್ತದೆ. ರಣಹದ್ದುಗಳಿಗಾಗಿ 2006ರಲ್ಲಿ ದನಗಳ ನೋವುನಿವಾರಕ ಡೈಕ್ಲೋಫೆನಾಕ್ ನಿಲ್ಲಿಸಿದ ದೇಶಕ್ಕೆ ಇದು ದೊಡ್ಡ ಮಾತಲ್ಲ. ಪಶುಸಂಗೋಪನೆ ಇಲಾಖೆ ಐವರ್ಮೆಕ್ಟಿನ್ ಬಳಕೆಗೆ ಕನ್ನಡದಲ್ಲಿ ಸ್ಪಷ್ಟ ಸೂಚನೆ ಹೊರಡಿಸಲಿ. ಹಕ್ಕಿ ಎಣಿಸುವ ಗೆಳೆಯರು ಮುಂಗಾರಿನಲ್ಲಿ ಒಮ್ಮೆ ಗೋಮಾಳದ ಸಗಣಿಯನ್ನೂ ಮಗುಚಿ ನೋಡಿ, ಕಂಡ ಹುಳುಗಳನ್ನು ಬರೆದಿಡಲಿ.