ಸಹಿಗೆ ಮುನ್ನ ಒಂದು ದಿನ

ಭಾರತದ ರಾಷ್ಟ್ರಪತಿಯನ್ನು ಪ್ರಜೆಗಳು ನೇರವಾಗಿ ಆರಿಸುವುದಿಲ್ಲ. ಪಾರ್ಲಿಮೆಂಟಿನ ಚುನಾಯಿತ ಸದಸ್ಯರೂ ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರೂ ಕೂಡಿ ಆರಿಸುತ್ತಾರೆ. ವಿಧಾನಸಭೆಯೊಂದು ವಿಸರ್ಜಿತವಾದರೆ ಅಷ್ಟು ಮತದಾರರೇ ಇಲ್ಲವಾದಂತೆ. 1977ರಲ್ಲಿ ಈ ತೊಡಕು ಕನ್ನಡಿಗರೊಬ್ಬರ ಮೇಜಿನ ಮೇಲೆ ಬಂದು ಕುಳಿತಿತು.

ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಜನಿಸಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಬೆಂಗಳೂರಿನಲ್ಲಿ ಆಡಳಿತ ನಡೆಸಿದ್ದ ಬಿ. ಡಿ. ಜತ್ತಿಯವರು ಆಗ ಉಪರಾಷ್ಟ್ರಪತಿಗಳು. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾಗಲು, ಆ ಪೀಠದ ಹೊಣೆ ಜತ್ತಿಯವರ ಮೇಲೆ ಬಿದ್ದಿತು. ಆರು ತಿಂಗಳೊಳಗೆ ಹೊಸ ಆಯ್ಕೆ ನಡೆಯತಕ್ಕದ್ದೆಂಬುದು ಸಂವಿಧಾನದ ಕಟ್ಟಳೆ.

ಮಾರ್ಚಿಯ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸು ಸೋತು ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾದರು. ಕಾಂಗ್ರೆಸ್ಸು ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳು ಜನರ ವಿಶ್ವಾಸ ಕಳೆದುಕೊಂಡಿವೆಯೆಂದು ಹೊಸ ಸರ್ಕಾರ ಅವುಗಳ ವಿಸರ್ಜನೆಗೆ ಮುಂದಾಯಿತು. ಕರ್ನಾಟಕ ಆ ಒಂಬತ್ತರಲ್ಲಿ ಇರಲಿಲ್ಲ. ಲೋಕಸಭೆಯ ಸೋಲು ವಿಧಾನಸಭೆಗೆ ಹೇಗೆ ಅಂಟೀತು ಎಂದು ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕವು. ಏಪ್ರಿಲ್ 29ರಂದು ಅವುಗಳ ದಾವೆ ಬಿದ್ದುಹೋಯಿತು.

ಆದರೂ ಜತ್ತಿಯವರು ಒಡನೆ ಸಹಿ ಮಾಡಲಿಲ್ಲ. ಆಲೋಚಿಸಲು ಕಾಲಾವಕಾಶ ಬೇಕೆಂದರು. ರಾಜಧಾನಿಯಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಮರುದಿನ, 30ರಂದು, ಸಹಿ ಬಿದ್ದಿತು.

ಹಳೆಯ ಪಕ್ಷದ ಮೇಲಣ ಮಮತೆಯಿಂದ ತಡೆದರೆಂದು ಕೆಲವರು ಜರೆದರು. ಪೀಠದ ಘನತೆಗೆ ತಕ್ಕ ವಿವೇಚನೆಯೆಂದು ಕೆಲವರು ಮೆಚ್ಚಿದರು. ಕಾನೂನಂತೂ ಅವರ ಕೈ ಕಟ್ಟಿಹಾಕಿತ್ತು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು 1976ರ 42ನೆಯ ತಿದ್ದುಪಡಿ ವಿಧಿಸಿತ್ತು. ಆ ಒಂದು ದಿನಕ್ಕೆ ಅದರಲ್ಲಿ ಎಡೆಯೇ ಇರಲಿಲ್ಲ.

ಜೂನಿನಲ್ಲಿ ಆ ರಾಜ್ಯಗಳು ಹೊಸ ಶಾಸಕರನ್ನು ಆರಿಸಿದವು. ಆದರೆ ಜುಲೈಯಲ್ಲಿ ಅವರಾರೂ ಮತ ಹಾಕಬೇಕಾಗಿ ಬರಲಿಲ್ಲ! 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ನೀಲಂ ಸಂಜೀವರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. 1969ರಲ್ಲಿ ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ವೇಳೆ ಇದೇ ಪದವಿಗೆ ಹೆಸರಿಸಲ್ಪಟ್ಟು, ವಿ. ವಿ. ಗಿರಿಯವರೆದುರು ಸೋತಿದ್ದವರು ಅವರೇ. ಜುಲೈ 25ರಂದು ಜತ್ತಿಯವರು ಪೀಠವನ್ನು ಬಿಟ್ಟುಕೊಟ್ಟು ಉಪರಾಷ್ಟ್ರಪತಿಯ ಕೆಲಸಕ್ಕೆ ಮರಳಿದರು.

ಮರುವರ್ಷದ 44ನೆಯ ತಿದ್ದುಪಡಿ ಹೊಸದೊಂದು ಮಾತನ್ನು ಸೇರಿಸಿತು: ಮಂತ್ರಿಮಂಡಲದ ಸಲಹೆಯನ್ನು ಪುನಃ ಪರಿಶೀಲಿಸುವಂತೆ ರಾಷ್ಟ್ರಪತಿ ಕೇಳಬಹುದು, ಪರಿಶೀಲಿಸಿ ಕೊಟ್ಟ ಸಲಹೆಗೆ ಬದ್ಧರಾಗಬೇಕು. ಜತ್ತಿಯವರು ಬೈಗುಳ ತಿಂದು ಪಡೆದ ಒಂದು ದಿನ, ಅವರ ನಂತರ ಆ ಪೀಠದಲ್ಲಿ ಕುಳಿತವರಿಗೆ ಹಕ್ಕಾಗಿ ದೊರೆಯಿತು.