ಕುರ್ಚಿಯೇ ಬೇರೆ, ಬಹುಮತವೇ ಬೇರೆ

ರಾಷ್ಟ್ರಾಧ್ಯಕ್ಷರಾಗಿ ಗೆದ್ದವರು ಮನಸ್ಸು ಮಾಡಿದರೆ ಏನು ಬೇಕಾದರೂ ಮಾಡಬಲ್ಲರು ಎಂಬ ಭಾವನೆ ಅನೇಕರಲ್ಲಿದೆ. ಟಿ.ವಿ.ಯಲ್ಲಿ ಕಾಣುವುದೂ ಆ ಒಬ್ಬರ ಮುಖ, ಆ ಒಬ್ಬರ ಭಾಷಣವೇ. ಆದರೆ ತೆರಿಗೆ ಹಾಕಲು, ಹಣ ಖರ್ಚು ಮಾಡಲು, ಕಾನೂನು ಬದಲಿಸಲು ಶಾಸನಸಭೆಯ ಒಪ್ಪಿಗೆ ಬೇಕೇ ಬೇಕು. ಇದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಈ ಕೊಲ್ಲಿ ನಾಡಿನಲ್ಲಿ ನಮ್ಮಂತೆಯೇ ದುಡಿಯಲು ಬಂದು ಅಕ್ಕಪಕ್ಕದಲ್ಲಿ ಬದುಕುತ್ತಿರುವ ಶ್ರೀಲಂಕಾದವರ ದೇಶವನ್ನು ನೋಡಿದರೆ ಸಾಕು.

ಅಲ್ಲಿ ಅಧ್ಯಕ್ಷರ ಚುನಾವಣೆಯಲ್ಲಿ ಮತದಾರರು ಮೊದಲ ಆಯ್ಕೆಯ ಜೊತೆಗೆ ಎರಡನೆಯ, ಮೂರನೆಯ ಆಯ್ಕೆಯನ್ನೂ ಗುರುತಿಸಬಹುದು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮುಂದಿರುವ ಇಬ್ಬರನ್ನು ಮಾತ್ರ ಉಳಿಸಿಕೊಂಡು, ಮಿಕ್ಕವರ ಮತಪತ್ರಗಳಲ್ಲಿನ ಮುಂದಿನ ಆಯ್ಕೆಗಳನ್ನು ಇವರ ಲೆಕ್ಕಕ್ಕೆ ಸೇರಿಸುತ್ತಾರೆ. 2024ರ ಸೆಪ್ಟೆಂಬರ್ 21ರ ಚುನಾವಣೆಯಲ್ಲಿ, ಆ ದೇಶದ ಇತಿಹಾಸದಲ್ಲೇ ಮೊದಲ ಬಾರಿಗೆ, ಹೀಗೆ ಎಣಿಸಬೇಕಾಯಿತು. ಅನುರ ಕುಮಾರ ದಿಸ್ಸನಾಯಕೆ ಅವರಿಗೆ ಮೊದಲು ಸಿಕ್ಕಿದ್ದು ಶೇ. 42.31ರಷ್ಟು ಮತ. ಎರಡನೆಯ ಸುತ್ತಿನಲ್ಲಿ ಕೂಡಿಕೊಂಡದ್ದು ಸುಮಾರು ಒಂದು ಲಕ್ಷದ ಐದು ಸಾವಿರ ಮಾತ್ರ. ಗೆದ್ದರು, ನಿಜ. ಆದರೂ ಸಿಂಧುವಾದ ಒಟ್ಟು ಮತಗಳಲ್ಲಿ ಅರ್ಧದಷ್ಟೂ ಅವರಿಗೆ ಬಂದಿರಲಿಲ್ಲ. ಸಂಸತ್ತಿನ 225 ಸ್ಥಾನಗಳಲ್ಲಿ ಆಗ ಅವರ ಕೂಟಕ್ಕೆ ಇದ್ದದ್ದೆಷ್ಟು ಗೊತ್ತೆ, ಮಕ್ಕಳೇ? ಮೂರು!

ನಮ್ಮ ಪದ್ಧತಿಯಲ್ಲಿ ಇದು ನಡೆಯುವ ಮಾತಲ್ಲ. ಕರ್ನಾಟಕದಲ್ಲಿ 2018ರ ಮೇ 17ರಂದು 104 ಶಾಸಕರ ಬಲದಿಂದ ಮುಖ್ಯಮಂತ್ರಿಯಾದ ಬಿ.ಎಸ್. ಯಡಿಯೂರಪ್ಪನವರು, ಬಹುಮತ ಕೂಡಿಬರದೆ 19ರಂದೇ ರಾಜೀನಾಮೆ ಕೊಟ್ಟರು. ಅಧ್ಯಕ್ಷೀಯ ಪದ್ಧತಿಯಲ್ಲಿ ಹಾಗಲ್ಲ. ಬಹುಮತ ಇಲ್ಲದಿದ್ದರೂ ಕುರ್ಚಿ ಭದ್ರ; ಕೈ ಮಾತ್ರ ಕಟ್ಟಿರುತ್ತದೆ. ನಮ್ಮನ್ನು ಕೇಳಿದರೆ ಇದೇ ಹೆಚ್ಚು ಅಪಾಯ. ಕೈ ಕಟ್ಟಿಸಿಕೊಂಡವರು ಮಂತ್ರಿಗಿರಿ ಹಂಚಿ ಸದಸ್ಯರನ್ನು ಒಲಿಸಿಕೊಳ್ಳಲು ಹೊರಡುತ್ತಾರೆ, ಇಲ್ಲವೇ ಶಾಸನಸಭೆಯನ್ನೇ ಮೀರಲು ನೋಡುತ್ತಾರೆ. ದಕ್ಷಿಣ ಕೊರಿಯಾದ ಯೂನ್ ಸುಕ್ ಯೋಲ್ ಅವರು ವಿರೋಧ ಪಕ್ಷದ ಹಿಡಿತದಲ್ಲಿದ್ದ ಸಂಸತ್ತಿನೊಡನೆ ಜಗಳ ಕಾದು, 2024ರ ಡಿಸೆಂಬರ್ 3ರ ರಾತ್ರಿ ಸೇನಾಡಳಿತವನ್ನೇ ಸಾರಿಬಿಟ್ಟರು. ಸಂಸತ್ತು ಕೆಲವೇ ಗಂಟೆಗಳಲ್ಲಿ ಅದನ್ನು ತಳ್ಳಿಹಾಕಿತು. 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅವರನ್ನು ಹುದ್ದೆಯಿಂದಲೇ ಇಳಿಸಿತು.

ದಿಸ್ಸನಾಯಕೆ ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. ತಮ್ಮನ್ನೂ ಸೇರಿಸಿ ಮೂವರ ಸಂಪುಟ ಮಾಡಿಕೊಂಡು, ಸೆಪ್ಟೆಂಬರ್ 24ರಂದು ಸಂಸತ್ತನ್ನು ವಿಸರ್ಜಿಸಿ, ಮತದಾರರ ಬಳಿಗೇ ಮರಳಿ ಹೋದರು. ನವೆಂಬರ್ 14ರ ಚುನಾವಣೆಯಲ್ಲಿ ಮೂರು ಇದ್ದದ್ದು 159 ಆಯಿತು. ತಮಿಳರೇ ಹೆಚ್ಚಾಗಿರುವ ಜಾಫ್ನಾ ಜಿಲ್ಲೆಯ ಆರು ಸ್ಥಾನಗಳಲ್ಲಿಯೂ ಮೂರು ಅವರ ಕೂಟಕ್ಕೇ ಬಂದವು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು, ಕೇಳಬೇಕಾದವರನ್ನೇ ಕೇಳಿದರು ಎಂಬುದು ನಮಗೆ ಮೆಚ್ಚುಗೆಯಾಯಿತು.

ಹಾಗೆಂದು ಬಹುಮತವೊಂದಿದ್ದರೆ ಸಾಕು ಎಂದರೆ ಅರ್ಧ ಮಾತು ಹೇಳಿದಂತಾಯಿತು. ರನಿಲ್ ವಿಕ್ರಮಸಿಂಘೆ 2020ರಲ್ಲಿ ತಮ್ಮ ಸ್ಥಾನವನ್ನೇ ಸೋತವರು. ಅವರ ಪಕ್ಷಕ್ಕಿದ್ದ ಒಂದೇ ಒಂದು ಸ್ಥಾನದಿಂದ ಸಂಸತ್ತಿಗೆ ಬಂದವರು. 2022ರ ಜುಲೈ 20ರಂದು ಸಂಸದರೇ ಮತ ಹಾಕಿ, 134 ಮತಗಳಿಂದ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಪೆಟ್ರೋಲಿಗೂ ಗ್ಯಾಸಿಗೂ ದಿನಗಟ್ಟಲೆ ಸರದಿ ನಿಲ್ಲುವ ಕಾಲ ಅವರ ಅವಧಿಯಲ್ಲಿ ಮುಗಿಯಿತು. ಆ ಶ್ರೇಯಸ್ಸು ಅವರಿಗೆ ಸಲ್ಲಬೇಕು. ಆದರೂ ಜನರ ಮುಂದೆ ನಿಂತಾಗ 2024ರಲ್ಲಿ ಶೇ. 17ರಷ್ಟು ಮತ ಪಡೆದು ಮೂರನೆಯವರಾದರು.

ಇನ್ನು ಗೋಟಬಯ ರಾಜಪಕ್ಸ. 2019ರಲ್ಲಿ ಶೇ. 52ಕ್ಕಿಂತ ಹೆಚ್ಚು ಮತ. 2020ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಅಧಿಕಾರವನ್ನು ಹೆಚ್ಚಿಸುವ ಸಂವಿಧಾನ ತಿದ್ದುಪಡಿಗೆ ಸಂಸತ್ತಿನಲ್ಲಿ 156 ಮತ. ಮೂರನೆಯ ಎರಡು ಭಾಗಕ್ಕೆ ಬೇಕಾದದ್ದು 150. ಎರಡೂ ಕೈಯಲ್ಲಿದ್ದವು. ಗೊಬ್ಬರ, ಇಂಧನ, ಔಷಧಿಗಳಿಗೆ ಜನ ಪರದಾಡಿ ಬೀದಿಗಿಳಿದಾಗ, 2022ರ ಜುಲೈನಲ್ಲಿ, ಅವರು ದೇಶ ಬಿಟ್ಟೇ ಹೋಗಬೇಕಾಯಿತು. 156 ಮತ ಕಾಪಾಡಲಿಲ್ಲ.

ಆ ಸಂಕಷ್ಟದಲ್ಲಿ ಮನೆಗೆ ಹಣ ಕಳಿಸುತ್ತಿದ್ದ ಇಲ್ಲಿನ ಶ್ರೀಲಂಕಾದವರಿಗೆ 2024ರಲ್ಲಿ ಇಲ್ಲಿಂದಲೇ ಮತ ಹಾಕುವ ಅವಕಾಶವಿರಲಿಲ್ಲ. ನಮ್ಮದೂ ಅದೇ ಕಥೆ! ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ, ಪಟ್ಟಿಯಲ್ಲಿ ಹೆಸರಿದ್ದ ಅನಿವಾಸಿ ಭಾರತೀಯರೂ ವಿಮಾನ ಹತ್ತಿ ಊರಿನ ಮತಗಟ್ಟೆಗೇ ಹೋಗಬೇಕಿತ್ತು. ಮತದಾರರ ಬೆಂಬಲ ಗಳಿಸಬೇಕೆಂದು ಅಭ್ಯರ್ಥಿಗಳಿಗೆ ಹೇಳುವ ನಾವು, ಮತ ಹಾಕುವ ದಾರಿಯನ್ನೂ ಕೇಳಬೇಡವೆ?

159 ಸ್ಥಾನ ಎಂದಾಗಲೂ ನಮಗೆ ಸ್ವಲ್ಪ ಅಳುಕು ಇದ್ದದ್ದುಂಟು, ಗೋಟಬಯ ಅವರ ನೆನಪು ಹಳತಾಗಿರಲಿಲ್ಲವಲ್ಲ. ಸಂಸತ್ತಿನ ಚುನಾವಣೆಯಲ್ಲಿ ದಿಸ್ಸನಾಯಕೆಯವರ ಕೂಟಕ್ಕೆ ಬಿದ್ದದ್ದು ಶೇ. 61ಕ್ಕೂ ಹೆಚ್ಚು ಮತ. ಆರು ತಿಂಗಳು ಕಳೆಯುವುದರೊಳಗೆ, 2025ರ ಮೇ 6ರಂದು ನಡೆದ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಅದು ಶೇ. 43ಕ್ಕೆ ಇಳಿದಿತ್ತು.