ಶರಣಧರ್ಮವೂ ಅದರ ವಾರಸುದಾರರೂ

ಹನ್ನೆರಡನೆಯ ಶತಮಾನದ ಶರಣರ ಆಂದೋಲನವು ಕನ್ನಡ ನಾಡಿನ ಸಮಾಜವನ್ನು ತಿದ್ದಲಿಲ್ಲ, ಇದ್ದ ಜಾತಿಗಳಿಗೆ ಇನ್ನೊಂದು ಜಾತಿಯನ್ನು ಕೂಡಿಸಿ ಸುಮ್ಮನಾಯಿತೆಂದು ವಾದಿಸುವ ಪಂಡಿತರು ಕೆಲವರುಂಟು. ಸಾಧಿಸತಕ್ಕದ್ದನ್ನೆಲ್ಲ ಅದು ಆಗಲೇ ಸಾಧಿಸಿತು, ಇನ್ನು ಜಯಂತಿಯ ಮೆರವಣಿಗೆಯೊಂದೇ ಉಳಿದಿರುವದೆಂದು ಭಾವಿಸುವ ಅಭಿಮಾನಿಗಳು ಬಹುಮಂದಿ. ಈ ಎರಡು ಪಕ್ಷಗಳೂ ವಿಚಾರದ ಮುಂದೆ ನಿಲ್ಲುವಂಥವಲ್ಲ.

ಮೊದಲನೆಯ ಪಕ್ಷವನ್ನು ನೋಡುವ. ಇಷ್ಟಲಿಂಗವು ಅಂಗೈಗೆ ಬಂದೊಡನೆ ಭಕ್ತನಿಗೂ ದೇವನಿಗೂ ನಡುವೆ ಗರ್ಭಗುಡಿಯ ಬಾಗಿಲಾಗಲಿ, ಅರ್ಚಕನಾಗಲಿ ಬೇಕಿಲ್ಲವಾಯಿತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳೂ ಲಿಂಗಧಾರಿಗಿಲ್ಲವೆಂದು ಸಾರಿದ್ದರಿಂದ ಸ್ತ್ರೀಯರಿಗೂ ದೀಕ್ಷೆ ದೊರೆಯಿತು. ಗಂಡಸಿನಂತೆಯೇ ಅವಳೂ ನಿತ್ಯಪೂಜೆಗೆ ಅಧಿಕಾರಿಣಿಯಾದಳು. ಸಂಸ್ಕೃತದಲ್ಲಿ ಅಡಗಿದ್ದ ತತ್ತ್ವವಿಚಾರವು ಬೀದಿಯ ಕನ್ನಡಕ್ಕೆ ಇಳಿದು ಬಂದಿತು. ಇತರ ವಚನಕಾರರು ಬಹುಮಟ್ಟಿಗೆ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರೆ, ಅಂಬಿಗರ ಚೌಡಯ್ಯನು ಕಾಯಕಸಹಿತವಾದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡನು. ರಾಣಿಬೆನ್ನೂರು ತಾಲೂಕಿನಲ್ಲಿ, ತುಂಗಭದ್ರೆಯ ದಡದ ಮೇಲೆ, ಮುಕ್ತೇಶ್ವರ ದೇಗುಲವಿರುವ ಊರು ಇಂದಿಗೂ ಚೌಡಯ್ಯದಾನಪುರವೆನಿಸಿದೆ. ದೋಣಿ ನಡೆಸುವವನ ಹೆಸರನ್ನು ಊರೊಂದು ಹೊರುವದು ಅಲ್ಪ ಮಾರ್ಪಾಟೇ?

ಇನ್ನು ಎರಡನೆಯ ಪಕ್ಷ. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟ ವಿವಾಹದಿಂದಲೇ ಬಿಜ್ಜಳನ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ಚದುರಿದರೆಂದು ಶರಣ ಪರಂಪರೆಯೇ ಹೇಳುತ್ತದೆ. ಕಾಲಾಂತರದಲ್ಲಿ ಕಾಯಕದ ಹೆಸರುಗಳೇ ಒಳಪಂಗಡಗಳ ಹೆಸರುಗಳಾದವು. ಸುಮಾರು ನಾಲ್ಕು ಶತಮಾನಗಳ ತರುವಾಯ, ಬೇರೊಂದು ಭಕ್ತಿಪಂಥದವರಾದ ಕಾಗಿನೆಲೆಯ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ನೆಲ್ಲಿಗೂ ರಾಗಿಗೂ ವ್ಯಾಜ್ಯ ಹೂಡಿ, ರಾಮನಿಂದ ರಾಗಿಗೆ ಜಯ ಕೊಡಿಸಬೇಕಾಯಿತು. ಕಾರ್ಯವು ಮುಗಿದಿದ್ದರೆ ಆ ವ್ಯಾಜ್ಯವನ್ನು ಮತ್ತೆ ಹೂಡುವ ಅಗತ್ಯವೇನಿತ್ತು?

ಈಗಿನ ಸ್ಥಿತಿಯನ್ನು ಹಾವೇರಿ, ರಾಣಿಬೆನ್ನೂರು, ಬ್ಯಾಡಗಿಗಳ ಸುಶಿಕ್ಷಿತ ಗೃಹಸ್ಥರು ತಮ್ಮ ಮನೆಗಳಲ್ಲಿಯೇ ಪರೀಕ್ಷಿಸಬಹುದು. ಜಾತಿಯೇ ಬೇಡವೆಂದವರನ್ನು ಜಾತಿಗೊಬ್ಬರಂತೆ ಹಂಚಿಕೊಂಡಾಗಿದೆ: ಚೌಡಯ್ಯನು ಅಂಬಿಗರಿಗೆ, ಕನಕನು ಕುರುಬರಿಗೆ, ಬಸವಣ್ಣನು ಲಿಂಗಾಯತರಿಗೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿ ಬೆಲೆ ಕಟ್ಟುವ ವರ್ತಕನು ಬೆಳೆದವನ ಕುಲವನ್ನು ಕೇಳುವದಿಲ್ಲ. ಮಗಳ ಲಗ್ನದ ಮಾತು ಬಂದೊಡನೆ ಒಳಪಂಗಡವನ್ನೂ ಬಿಡದೆ ಕೇಳುತ್ತಾನೆ.

ಧರ್ಮವು ಬೇರೆ, ಕುಲಾಚಾರವು ಬೇರೆ. ವಿವಾಹವು ಮನೆತನದ ಸ್ವಂತ ವಿಷಯವೆಂದು ಕೆಲವರು ಸಮಾಧಾನ ಹೇಳುವರು. ಈ ಭೇದವನ್ನು ಶರಣರು ಒಪ್ಪಿದ್ದರೆ ಕಲ್ಯಾಣವು ಒಡೆಯುತ್ತಿರಲಿಲ್ಲ. ಪರಂಪರೆಯ ಮಾತಿನಂತೆ ಅಲ್ಲಿ ಕಲಹವೆದ್ದದ್ದು ವಚನಗಳನ್ನು ಹಾಡಿದ್ದಕ್ಕಲ್ಲ, ಲಗ್ನ ಮಾಡಿದ್ದಕ್ಕೆ. ತಿಳಿಯದೆ ತಪ್ಪಿದೆವೆನ್ನಲೂ ಈಗ ಆಸ್ಪದವಿಲ್ಲ: ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ ನೂರು ವರುಷಗಳು ಕಳೆದವು. ಬಾಯಲ್ಲಿ ವಚನ, ಮನೆಯಲ್ಲಿ ಕುಲವೆಂಬ ಭಕ್ತಿಯು ಅಜಗಲಸ್ತನದಂತೆ ನಿಷ್ಫಲವಾದದ್ದು.

ಆದಕಾರಣ ಶರಣರ ವಾರಸುದಾರರೆನಿಸಬಯಸುವವರು ಜಯಂತಿಯ ವೆಚ್ಚದ ಲೆಕ್ಕವನ್ನು ತೋರಿಸದಿರಲಿ. ತಮ್ಮ ಮನೆಯ ಲಗ್ನಪತ್ರಿಕೆಗಳನ್ನು ತೋರಿಸಲಿ.